ಕಿಗ್ಗದ ಕಲ್ಬರಹ

ಶೃಂಗೇರಿಗೆ ಸುಮಾರು ಆರು ಮೈಲಿ ದೂರದಲ್ಲಿ, ನರಸಿಂಹಪರ್ವತದ ತಪ್ಪಲಿನಲ್ಲಿ ಕಿಗ್ಗವೆಂಬ ಕಿರುಗ್ರಾಮವಿರುವುದು. ಋಷ್ಯಶೃಂಗೇಶ್ವರನ ದೇವಾಲಯವೇ ಅದರ ಜೀವಾಳ. ಮಳೆ ತಡೆದಾಗ ಬರಲೆಂದೂ ಮಿತಿಮೀರಿದಾಗ ನಿಲ್ಲಲೆಂದೂ ಮಲೆನಾಡಿಗರು ಈ ಸ್ವಾಮಿಗೆ ಮೊರೆಯಿಡುವರು. ಶೃಂಗಗಿರಿಯೆಂಬ ಹೆಸರಿಗೂ ಈ ಋಷಿಯೇ ಮೂಲವೆಂದು ಐತಿಹ್ಯವುಂಟು.

ಐತಿಹ್ಯವನ್ನು ಬದಿಗಿಟ್ಟರೂ ಊರಿನ ಹಿರಿಮೆ ಕುಗ್ಗದು. ಏಳನೆಯ ಶತಮಾನದಲ್ಲಿ ಕದಂಬಮಂಡಲವನ್ನು ಆಳುತ್ತಿದ್ದ ಆಳುವರಸ ಗುಣಸಾಗರನೂ ಆತನ ಮಹಾದೇವಿಯೂ ಚಿತ್ರವಾಹನನೂ ಕೂಡಿ ಕಿಲ್ಗಾಣದ ದೇಗುಲಕ್ಕೆ ದತ್ತಿಯಿತ್ತುದನ್ನು ಇಲ್ಲಿಯ ಒಂದು ಶಾಸನವು ಸಾರುತ್ತದೆ. ಕಿಲ್ಗಾಣವೇ ಇಂದಿನ ಕಿಗ್ಗ. ಈ ಶಾಸನವನ್ನು ರೈಸ್ ಸಾಹೇಬರು 1901ರಲ್ಲಿ ಕಡೂರು ಜಿಲ್ಲೆಯ ಸಂಪುಟದಲ್ಲಿ, ಕೊಪ್ಪ ತಾಲ್ಲೂಕಿನ ಶಾಸನವಾಗಿ ಅಚ್ಚುಮಾಡಿಸಿದರು.

ಇದರ ಹಳಮೆಯನ್ನು ಅರಿಯಲು ನೆರೆಯ ಶೃಂಗೇರಿಯನ್ನೇ ನೋಡಬಹುದು. ಹರಿಹರನೂ ಅವನ ಸೋದರರೂ ಭಾರತೀತೀರ್ಥರಿಗೆ ದತ್ತಿಯಿತ್ತುದು 1346ರಲ್ಲಿ. ಹನ್ನೆರಡು ರಾಶಿಗಳ ಕಂಬಗಳಿಂದ ಮೆರೆಯುವ ವಿದ್ಯಾಶಂಕರ ದೇವಾಲಯವು ಎದ್ದುದು ಆ ಬಳಿಕ. ಅದಕ್ಕೆ ಆರು ಶತಮಾನಗಳಿಗೂ ಮೊದಲೇ ಈ ಕಾಡಿನ ಮೂಲೆಯ ದೇಗುಲವು ರಾಜಮನ್ನಣೆಯನ್ನು ಪಡೆದಿತ್ತು.

ಗೋಡೆ ಬಿದ್ದರೆ ಕಟ್ಟಬಹುದು, ಮಾಡು ಸೋರಿದರೆ ಹೊದಿಸಬಹುದು. ಅಕ್ಷರ ಸವೆದ ಕಲ್ಲಿನಲ್ಲಿ ಮತ್ತೆ ಬರೆಯಿಸಲು ಆ ಅರಸರು ಬಾರರು. ಜೀರ್ಣೋದ್ಧಾರಕ್ಕೆ ಕೈಹಾಕುವವರು ಮೊದಲು ಇದನ್ನು ನೆನೆಯತಕ್ಕದ್ದು.