ವಿಮಾನ ಹಾರೋಕ್ಕೆ ಮೊದಲು ಪಹಣಿ ಹಾರುತ್ತೆ

ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಬೆಂಗಳೂರಿಗೆ ಎರಡನೇ ವಿಮಾನ ನಿಲ್ದಾಣ ಬೇಕಂತೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ಮೂರು ಜಾಗ ನೋಡಿತು. ಎರಡು ಕನಕಪುರ ರಸ್ತೆ ಕಡೆ, ಒಂದು ನೆಲಮಂಗಲ-ಕುಣಿಗಲ್ ರಸ್ತೆ ಕಡೆ. ಕುಣಿಗಲ್ ದಾಟಿದ್ರೆ ನಮ್ಮ ನಾಗಮಂಗಲ. ಶ್ರೀರಂಗಪಟ್ಟಣದಿಂದ ಮೈಸೂರು ದಾಟಿದ್ರೆ ಮಂಡಕಳ್ಳಿ. ಕೆ.ಆರ್. ಪೇಟೆಯಿಂದ ಆ ಕಡೆಗೆ ಹಾಸನದ ನಿಲ್ದಾಣ. ಅಂದ್ರೆ ಪಾಂಡವಪುರ ಉಪವಿಭಾಗದ ನಾಲ್ಕೂ ತಾಲೂಕಿನ ಸುತ್ತ ವಿಮಾನದ ಮಾತೇ. ಜಮೀನಿನ ರೇಟು ಏರುತ್ತೆ ಅಂತ ಖುಷಿಪಡೋರು ಇದ್ದಾರೆ. ಆದ್ರೆ ನಮ್ಮ ಕೇರಿಗಳಿಗೆ ಈ ಚರಿತ್ರೆ ಏನು ಕೊಟ್ಟಿದೆ, ಏನು ಕಿತ್ತುಕೊಂಡಿದೆ ಅಂತ ಒಮ್ಮೆ ನೋಡೋಣ.

ಮೈಸೂರು ಸಂಸ್ಥಾನಕ್ಕೆ ವಿಮಾನ ಹೊಸದಲ್ಲ. 1940ರಲ್ಲಿ ಬೆಂಗಳೂರಿನಲ್ಲಿ ಎಚ್‌ಎಎಲ್ ಶುರುವಾದಾಗ ಸಂಸ್ಥಾನ 700 ಎಕರೆ ಭೂಮಿ ಕೊಟ್ಟಿತು. ಮಂಡಕಳ್ಳಿಯ ವಿಮಾನದ ಮೈದಾನವೂ ಅದೇ ದಶಕದ್ದು. ಅದನ್ನು ಹೊಸದಾಗಿ ಕಟ್ಟಿ 2010ರಲ್ಲಿ ತೆರೆದರು. ಕಿಂಗ್‌ಫಿಷರ್ ಬಂತು, ಮರುವರ್ಷವೇ ನಿಂತಿತು. ಆಮೇಲೆ ಸ್ಪೈಸ್‌ಜೆಟ್ ಬಂತು, ಅದೂ ನಿಂತಿತು. 2017ರಲ್ಲಿ ಉಡಾನ್ ಯೋಜನೆಯಲ್ಲಿ ಟ್ರೂಜೆಟ್ ಚೆನ್ನೈಗೆ ಹಾರಿತು. ಈಗ ರನ್‌ವೇ ಸಾಲದು, ಇನ್ನಷ್ಟು ಭೂಮಿ ಬೇಕು ಅನ್ನೋ ಮಾತು. ಹಾಸನದಲ್ಲಿ 2007ರಲ್ಲಿ ಅಡಿಗಲ್ಲು ಹಾಕಿದರು, ಕೆಲಸ ಮತ್ತೆ ಶುರುವಾಗಿದ್ದು 2021ರಲ್ಲಿ. ವಿಮಾನ ಬರುತ್ತೆ, ಹೋಗುತ್ತೆ. ಹೋದ ಭೂಮಿ ಮಾತ್ರ ವಾಪಸ್ ಬರಲ್ಲ.

ಉಡಾನ್ ಘೋಷಣೆಯಾಗಿದ್ದು 2016ರಲ್ಲಿ. ಹವಾಯಿ ಚಪ್ಪಲಿ ಹಾಕಿದೋರೂ ವಿಮಾನ ಹತ್ತಬೇಕು ಅಂದರು ಪ್ರಧಾನಿ. ನಮ್ಮ ಅಜ್ಜಂದಿರು ಮೇಲ್ಜಾತಿ ಬೀದಿ ಬಂದ್ರೆ ಚಪ್ಪಲಿ ಕಳಚಿ ಕೈಲಿ ಹಿಡ್ಕೊಂಡು ನಡೆದೋರು. ಚಪ್ಪಲಿ ಹೊಲಿದೋರೂ ನಾವೇ. ಆ ಮಾತು ನಮ್ಮ ಕಿವಿಗೆ ಹೆಂಗೆ ಕೇಳಿಸಿರಬೇಕು ಯೋಚನೆ ಮಾಡಿ. ಶುರುವಿನಲ್ಲಿ ಒಂದು ಗಂಟೆ ಹಾರಾಟಕ್ಕೆ ಸುಮಾರು 2,500 ರೂಪಾಯಿ ಇತ್ತು, ಅದೂ ಒಂದಷ್ಟು ಸೀಟಿಗೆ ಮಾತ್ರ. ಕಂಪನಿಗೆ ಕಮ್ಮಿ ಬಿದ್ದಿದ್ದನ್ನು ಸರ್ಕಾರ ತುಂಬಿಕೊಡೋದು. 2023ರ ಸಿಎಜಿ ವರದಿ ಫಲಿತಾಂಶ ಹೇಳಿತು: ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವೇ ಆಗಲಿಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನದ ಅವಧಿ ಮುಗಿದ ಮೇಲೂ ಹಾರುತ್ತಿದ್ದದ್ದು ಬರೀ 54.

ಈಗ ಭೂಮಿ ವಿಷಯಕ್ಕೆ ಬರೋಣ. ದೇವನಹಳ್ಳಿ ಟಿಪ್ಪು ಹುಟ್ಟಿದ ಊರು, ಶ್ರೀರಂಗಪಟ್ಟಣ ಅವನು ಮಡಿದ ಊರು. ದೇವನಹಳ್ಳಿಯಲ್ಲಿ 2008ರ ಮೇನಲ್ಲಿ ತೆರೆದ ನಿಲ್ದಾಣ ಸುಮಾರು 4,000 ಎಕರೆ ನುಂಗಿತು. ಅಷ್ಟಕ್ಕೇ ಹಸಿವು ತೀರಲಿಲ್ಲ. 2021ರಲ್ಲಿ ಅದೇ ತಾಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ 1,777 ಎಕರೆಗೆ ಕೆಐಎಡಿಬಿ ನೋಟಿಸ್ ಬಂತು. ಜನ ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು, ಬಂಧನಕ್ಕೂ ಬಗ್ಗಲಿಲ್ಲ. 2025ರ ಜುಲೈ 15ರಂದು ಮುಖ್ಯಮಂತ್ರಿ ಸ್ವಾಧೀನ ಕೈಬಿಡುತ್ತೇವೆ ಅಂದರು. ಅದು ಯಾರೋ ಕೊಟ್ಟ ಭಿಕ್ಷೆ ಅಲ್ಲ, ಕೂತು ಗಳಿಸಿದ್ದು.

ನಮ್ಮ ಕಡೆ ಈ ಅನುಭವ ಹಳೇದು. 1911ರಲ್ಲಿ ಕೆಲಸ ಶುರುವಾದ ಕೆಆರ್‌ಎಸ್ ಕನ್ನಂಬಾಡಿಯಂಥ ಊರುಗಳನ್ನು ಮುಳುಗಿಸಿತು. ಆ ನೀರಿಂದಲೇ ಮಂಡ್ಯ ಹಸಿರಾಯ್ತು, ಇಲ್ಲ ಅನ್ನಲ್ಲ. ಮುಳುಗಿದ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದರು. ಒಳ್ಳೇದು. ಆದ್ರೆ ಅದೇ ನೀರಲ್ಲಿ ಮುಳುಗಿದ ಕೇರಿಗಳ ಗುಡಿಸಲಿನ ಲೆಕ್ಕ ಯಾರು ಕೇಳಿದ್ರು? ನಿನ್ನೆ ಮೊನ್ನೆಯದು ನೋಡಿ. ಬೆಂಗಳೂರು-ಮೈಸೂರು ಹೆದ್ದಾರಿ ನಮ್ಮ ಹೊಲದ ಮೇಲೇ ಹೋಯ್ತು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಹತ್ತೋ ಹಾಗಿಲ್ಲ.

ಪರಿಹಾರ ಕೊಡ್ತಾರಲ್ಲ ಅನ್ನಬಹುದು. ಪರಿಹಾರ ಹೋಗೋದು ಪಹಣಿಯಲ್ಲಿ ಹೆಸರಿದ್ದೋರಿಗೆ. ಪೀಡೆ ಇರೋದೇ ಅಲ್ಲಿ. ನಮ್ಮವರಿಗೆ ಭೂಮಿ ಬಂದಿದ್ದು ಎರಡು ದಾರಿಯಲ್ಲಿ. ಒಂದು, ತೋಟಿ, ತಳವಾರ, ನೀರಗಂಟಿ ಚಾಕರಿಯ ಇನಾಮು. ಬಾಬಾಸಾಹೇಬರು 1928ರಲ್ಲೇ ಬಾಂಬೆಯಲ್ಲಿ ಮಹಾರ್ ವತನದ ಚಾಕರಿ ವಿರುದ್ಧ ಮಸೂದೆ ತಂದಿದ್ದರು. ನಮ್ಮಲ್ಲಿ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆ ಬಂದ ಮೇಲೆ ಆ ಜಮೀನು ಮರುಮಂಜೂರಾಯ್ತು. ಇನ್ನೊಂದು, ಮಾರಬಾರದು ಅನ್ನೋ ಷರತ್ತಿನ ಮೇಲೆ ಸರ್ಕಾರ ಮಂಜೂರು ಮಾಡಿದ್ದು. ಮದುವೆ, ಕಾಯಿಲೆ, ಸಾಲ ಅಂತ ಅದು ಚಿಲ್ಲರೆ ಕಾಸಿಗೆ ಕೈತಪ್ಪಿತು.

ಅದಕ್ಕೇ ದೇವರಾಜ ಅರಸು ಕಾಲದ ಚಿಂತನೆಯಿಂದ ಬಂದಿದ್ದು 1978ರ ಪಿಟಿಸಿಎಲ್ ಕಾಯ್ದೆ. ಷರತ್ತು ಮುರಿದ ಮಾರಾಟ ಅಸಿಂಧು, ಭೂಮಿ ಮೂಲ ಮಂಜೂರಾತಿದಾರರಿಗೆ ವಾಪಸ್. ಅದನ್ನು ಸುಪ್ರೀಂ ಕೋರ್ಟ್ 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರಲ್ಲಿ ಅದೇ ಕೋರ್ಟ್ ಸಮಂಜಸ ಸಮಯದೊಳಗೆ ಅರ್ಜಿ ಹಾಕಿಲ್ಲ ಅಂದಿದ್ದೇ ತಡ, ಕೇಸುಗಳು ಬಿದ್ದುಹೋಗತೊಡಗಿದವು. ಹೋರಾಟದ ಒತ್ತಡಕ್ಕೆ 2023ರಲ್ಲಿ ತಿದ್ದುಪಡಿ ಬಂತು: ಕಾಲಮಿತಿ ಇಲ್ಲ. ನಮ್ಮ ನಾಲ್ಕು ತಾಲೂಕಿನವರು ಅರ್ಜಿ ಹಾಕಬೇಕಾದ್ದು ಪಾಂಡವಪುರದ ಉಪವಿಭಾಗಾಧಿಕಾರಿ ಕೋರ್ಟಿಗೆ.

ಕಡತಗಳ ನಡುವೆ ದಿನ ತಳ್ಳೋ ಗುಮಾಸ್ತನಾಗಿ ಒಂದು ಮಾತು. ಸ್ವಾಧೀನದ ನೋಟಿಸ್ ಬಂದ ಮೇಲೆ ಕಾಗದ ಹುಡುಕಿದ್ರೆ ತಡ. ಅಷ್ಟೊತ್ತಿಗೆ ಕೊಂಡವನ ಹೆಸರು ಪಹಣಿಯಲ್ಲಿ ಕೂತಿರುತ್ತೆ, ಚೆಕ್ಕೂ ಅವನ ಹೆಸರಿಗೇ. ಬಗರ್‌ಹುಕುಂ ಉಳುಮೆಗೆ ಸಾಗುವಳಿ ಚೀಟಿ ಇಲ್ಲದಿದ್ರೆ ಅದು ಸರ್ಕಾರಿ ಜಾಗ ಅಂತಾರೆ. ಕೂಲಿಗೆ ಹೋಗೋರಿಗಂತೂ ಏನೂ ಇಲ್ಲ. 2013ರ ಕೇಂದ್ರ ಕಾಯ್ದೆ ಮೂರು ವರ್ಷದಿಂದ ಆ ಭೂಮಿ ನಂಬಿ ಬದುಕಿದ ಕೃಷಿ ಕಾರ್ಮಿಕರನ್ನೂ ಸಂತ್ರಸ್ತ ಕುಟುಂಬ ಅನ್ನುತ್ತೆ. ಕೆಐಎಡಿಬಿ ನಡೆಯೋದು 1966ರ ರಾಜ್ಯ ಕಾಯ್ದೆಯಲ್ಲಿ. ಅದರಲ್ಲಿ ಕೂಲಿಯವರ ಲೆಕ್ಕವೇ ಇಲ್ಲ.

ಆದ್ದರಿಂದ ಈಗಲೇ ಮಾಡಬೇಕಾದ್ದು: ಅಜ್ಜನ ಹೆಸರಲ್ಲೇ ಇರೋದಕ್ಕೆ ಪೌತಿ ಖಾತೆ ಮಾಡಿಸಿ. ಮಂಜೂರಾತಿ ಆದೇಶದ ನಕಲು ತೆಗೆಸಿ. ಕೈತಪ್ಪಿದ ಜಮೀನಿಗೆ ಪಿಟಿಸಿಎಲ್ ಅರ್ಜಿ ಹಾಕಿ. ಸಂಘಟನೆಗಳು ಊರೂರಿಗೆ ಹೋಗಿ ಸರ್ವೆ ನಂಬರ್ ಪಟ್ಟಿ ಮಾಡಲಿ. ಸರ್ಕಾರಕ್ಕೆ ನಮ್ಮ ಬೇಡಿಕೆ ಒಂದೇ: ಮಂಜೂರಾತಿ ಜಮೀನಿನ ತಕರಾರು ಇತ್ಯರ್ಥ ಆಗೋವರೆಗೂ, ಕೂಲಿಯವರನ್ನೂ ಲೆಕ್ಕಕ್ಕೆ ತಗೊಳ್ಳೋವರೆಗೂ, ಯಾವ ನಿಲ್ದಾಣಕ್ಕೂ ಒಂದು ಗುಂಟೆ ಅಳೆಯಬಾರದು.

ವಿಮಾನಕ್ಕೆ ನಾವು ವಿರೋಧಿಗಳಲ್ಲ. ನಮ್ಮ ಮಕ್ಕಳೂ ಹತ್ತಲಿ. ಆದ್ರೆ ಕಾಲ ಕೆಳಗಿನ ನೆಲ ಮಾರ್ಕೊಂಡು ಕಿಟಕಿ ಸೀಟು ಬೇಡ.

ಜೈ ಭೀಮ್. ಹಂಚಿಕೊಳ್ಳಿ, ಕೇರಿಯ ಹಿರಿಯರಿಗೆ ಓದಿ ಹೇಳಿ.