ದೂರ ಅಷ್ಟೇ ಇದೆ, ಹೊತ್ತು ಯಾಕೆ ಜಾಸ್ತಿಯಾಯ್ತು?

ಹೆಲ್ಸಿಂಕಿಯಿಂದ ಟೋಕಿಯೋಗೆ ವಿಮಾನದಲ್ಲಿ ಎಷ್ಟು ಗಂಟೆ? ಈ ಪ್ರಶ್ನೆ ಕೇಳಿದವರಿಗೆ ನಾನು ತಿರುಗಿ ಕೇಳೋದು ಒಂದೇ: ಯಾವ ವರ್ಷದ ಲೆಕ್ಕ ಬೇಕು?

ಮನೇಲಿ ಗ್ಲೋಬ್ ಇದ್ದರೆ ತಗೊಳ್ಳಿ. ಎರಡೂ ಊರಿನ ನಡುವೆ ಒಂದು ದಾರ ಬಿಗಿಯಾಗಿ ಎಳೀರಿ. ಸುಮಾರು 7,800 ಕಿಲೋಮೀಟರ್. ಇಂಜಿನಿಯರಿಂಗ್ ಓದಿದವರಿಗೆ ಲೆಕ್ಕ ಸುಲಭ, ದೂರವನ್ನು ವೇಗದಿಂದ ಭಾಗಿಸಿದರೆ ಮುಗೀತು. ಆದರೆ ಆ ದಾರದ ಬಹುಪಾಲು ರಷ್ಯಾದ ಮೇಲೆ ಹಾಯುತ್ತೆ. ಲೆಕ್ಕ ತಪ್ಪೋದು ಅಲ್ಲೇ.

ಶೀತಲ ಸಮರದ ಕಾಲದಲ್ಲಿ ಸೈಬೀರಿಯಾದ ಆಕಾಶಕ್ಕೆ ಬೀಗ ಬಿದ್ದಿತ್ತು. ಹಾಗಾಗಿ 1957ರಲ್ಲಿ ಸ್ಕ್ಯಾಂಡಿನೇವಿಯಾದ ಎಸ್‌ಎಎಸ್ ಕಂಪನಿ ಕೋಪನ್‌ಹೇಗನ್‌ನಿಂದ ಉತ್ತರ ಧ್ರುವದ ಕಡೆ ಹಾರಿ, ಅಲಾಸ್ಕಾದ ಆಂಕರೇಜ್‌ನಲ್ಲಿ ಇಳಿದು, ಟೋಕಿಯೋ ಸೇರುವ ದಾರಿ ಶುರುಮಾಡಿತು. 1983ರ ಏಪ್ರಿಲ್‌ನಲ್ಲಿ ಫಿನ್‌ಏರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡಿಸಿ-10 ವಿಮಾನಕ್ಕೆ ಹೆಚ್ಚುವರಿ ಇಂಧನ ಟ್ಯಾಂಕ್ ಹಾಕಿಸಿ, ಧ್ರುವದ ಮೇಲಿಂದ ಬೇರಿಂಗ್ ಜಲಸಂಧಿ ದಾಟಿ, ಎಲ್ಲೂ ನಿಲ್ಲದೆ ಟೋಕಿಯೋಗೆ ಹಾರಿತು. ಹಿಡಿದದ್ದು ಸುಮಾರು 13 ಗಂಟೆ.

ಇಷ್ಟೊಂದು ಸುತ್ತು ಬೇಕಿತ್ತಾ ಅಂತೀರಾ? ಅದೇ ವರ್ಷ ಸೆಪ್ಟೆಂಬರ್ 1ರಂದು ಉತ್ತರ ಸಿಕ್ಕಿತು. ಆಂಕರೇಜ್‌ನಿಂದ ಸೋಲ್‌ಗೆ ಹೊರಟಿದ್ದ ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ದಾರಿ ತಪ್ಪಿ ಸೋವಿಯತ್ ಆಕಾಶಕ್ಕೆ ನುಗ್ಗಿತು. ಯುದ್ಧವಿಮಾನ ಬಂದು ಹೊಡೆದುರುಳಿಸಿತು. ಸತ್ತವರು 269 ಜನ. ಆಟೋಪೈಲಟ್ ಸರಿಯಾದ ಮೋಡ್‌ಗೆ ಬದಲಾಗದೆ ವಿಮಾನ ಒಂದೇ ದಿಕ್ಕು ಹಿಡಿದು ಹೋಗಿತ್ತು ಅಂತ ನಂತರದ ತನಿಖೆ ಹೇಳಿತು. ಈ ದುರಂತ ನಡೆದ ಕೆಲವೇ ದಿನಗಳಲ್ಲಿ ಅಮೆರಿಕದ ಅಧ್ಯಕ್ಷ ರೇಗನ್, ಸೇನೆಗಾಗಿ ತಯಾರಾಗುತ್ತಿದ್ದ ಜಿಪಿಎಸ್ ಅನ್ನು ಸಿದ್ಧವಾದ ಮೇಲೆ ನಾಗರಿಕ ಬಳಕೆಗೂ ಕೊಡ್ತೀವಿ ಅಂತ ಘೋಷಿಸಿದರು. ಇವತ್ತು ನಾವು ಕ್ಯಾಬ್ ಕರೆಯುವಾಗ ಮೊಬೈಲ್‌ನಲ್ಲಿ ಮಿನುಗುವ ಆ ನೀಲಿ ಚುಕ್ಕೆಯ ಹಿಂದೆ ಈ ಸಾವುಗಳೂ ಇವೆ.

ಆಮೇಲೆ ಶೀತಲ ಸಮರ ಕರಗಿತು, ಸೈಬೀರಿಯಾದ ಬೀಗ ತೆಗೆಯಿತು. ಮೇಲೆ ಹಾರೋದಕ್ಕೂ ರಷ್ಯಾ ಶುಲ್ಕ ವಸೂಲಿ ಮಾಡಿತು ಅನ್ನೋದು ಬೇರೆ ಮಾತು. ಆದರೆ ಪ್ರಯಾಣ ಒಂಬತ್ತೂವರೆ ಗಂಟೆ ಆಸುಪಾಸಿಗೆ ಇಳಿಯಿತು. ಹೆಲ್ಸಿಂಕಿ ಏಷ್ಯಾದ ಹೆಬ್ಬಾಗಿಲಾಯಿತು, ಫಿನ್‌ಏರ್ ತನ್ನ ವ್ಯಾಪಾರವನ್ನೇ ಈ ಹತ್ತಿರದ ದಾರಿಯ ಮೇಲೆ ಕಟ್ಟಿತು.

2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಯುದ್ಧಕ್ಕೆ ಹೋಯಿತು. ಯೂರೋಪ್ ತನ್ನ ಆಕಾಶ ಮುಚ್ಚಿತು, ರಷ್ಯಾ ತನ್ನದನ್ನು ಮುಚ್ಚಿತು. ಮಾರ್ಚ್‌ನಲ್ಲಿ ಫಿನ್‌ಏರ್ ಮತ್ತೆ ಉತ್ತರ ಧ್ರುವದ ದಾರಿ ಹಿಡಿಯಿತು. ಮತ್ತೆ ಸುಮಾರು 13 ಗಂಟೆ! ಧ್ರುವ ದಾಟಿದ ಪ್ರಯಾಣಿಕರಿಗೆ ಸರ್ಟಿಫಿಕೇಟ್ ಕೊಟ್ಟರು. ಚೆನ್ನಾಗಿದೆ, ಗೋಡೆಗೆ ಹಾಕಿಕೊಳ್ಳಬಹುದು. ಆದರೆ ನೋಡಿ, 39 ವರ್ಷದಲ್ಲಿ ವಿಮಾನ ಬದಲಾಯಿತು, ಇಂಜಿನ್ ಬದಲಾಯಿತು, ಗಡಿಯಾರ ಮಾತ್ರ 1983ಕ್ಕೇ ವಾಪಸ್ ಬಂತು.

ಇದು ನಮಗೆ ದೂರದ ಕಥೆಯೇನಲ್ಲ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಯೂರೋಪಿಗೆ ಹೊರಟ ನಮ್ಮ ವಿಮಾನಗಳು ಅರಬ್ಬಿ ಸಮುದ್ರದ ಕಡೆ ಸುತ್ತಿದವು. ಭಾರತವೂ ತನ್ನ ಆಕಾಶ ಮುಚ್ಚಿತು. ಅದು ಸರಿಯೋ ತಪ್ಪೋ ಅನ್ನೋ ಚರ್ಚೆ ಸ್ಟುಡಿಯೋದಲ್ಲಿ ದಿನಾ ಮಾಡ್ತೀವಿ. ನಾನು ಹೇಳೋದು ಇಷ್ಟೇ: ಮುಂದಿನ ಸಲ ಟಿಕೆಟ್ ಮೇಲೆ ಪ್ರಯಾಣದ ಗಂಟೆ ನೋಡುವಾಗ, ಅದರಲ್ಲಿ ಎಷ್ಟು ಭೂಮಿಯ ದೂರ, ಎಷ್ಟು ದೇಶಗಳ ಜಗಳ ಅಂತ ಒಮ್ಮೆ ಲೆಕ್ಕ ಹಾಕಿ.