ಅಗ್ರಾಹ್ಯಸಾಕ್ಷ್ಯವೂ ಪುನರ್ವಿಚಾರವೂ

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನ ಮಿತಾಕ್ಷರೆಯನ್ನು ಲೋಕವು ದಾಯವಿಭಾಗದ ಗ್ರಂಥವೆಂದೇ ಬಲ್ಲದು. ಅದರ ವ್ಯವಹಾರಾಧ್ಯಾಯದಲ್ಲಿ ಸಾಕ್ಷ್ಯದ ಗ್ರಾಹ್ಯಾಗ್ರಾಹ್ಯವಿಚಾರವೂ ಅಷ್ಟೇ ಸೂಕ್ಷ್ಮವಾಗಿ ನಿರೂಪಿತವಾಗಿದೆ. ಲಿಖಿತ, ಭುಕ್ತಿ, ಸಾಕ್ಷಿ ಇವು ಪ್ರಮಾಣಗಳು. ಇವು ದೊರೆಯದೆಡೆ ದಿವ್ಯ. ಸಾಕ್ಷಿಗಳಾಗಲು ಅನರ್ಹರಾದವರ ಪಟ್ಟಿಯು ದೀರ್ಘವಾದುದು. ಆದರೂ ಕಳವು, ಸಾಹಸ ಮೊದಲಾದ ಅಪರಾಧಗಳಲ್ಲಿ ಆ ನಿಯಮವು ಸಡಿಲಿಸಲ್ಪಟ್ಟಿದೆ. ಗುಟ್ಟಾಗಿ ನಡೆದ ಕೃತ್ಯಕ್ಕೆ ಸರ್ವಲಕ್ಷಣಸಂಪನ್ನನಾದ ಸಾಕ್ಷಿಯನ್ನು ಅರಸಹೊರಟರೆ ಕಳ್ಳನಿಗೇ ಲಾಭವಷ್ಟೆ.

ದೋಷಯುಕ್ತವಾದ ಸಾಕ್ಷ್ಯವು ಒಳಹೊಕ್ಕ ಮೇಲೆ ಮಾಡತಕ್ಕುದೇನು? ಪತ್ರದ ದೋಷವನ್ನಾಗಲಿ ಸಾಕ್ಷಿಯ ದೋಷವನ್ನಾಗಲಿ ವಾದಕಾಲದಲ್ಲಿಯೇ ಎತ್ತಿ ತೋರಿಸಬೇಕು, ತರುವಾಯ ಸಲ್ಲದು ಎಂಬುದು ಕಾತ್ಯಾಯನಾದಿ ಸ್ಮೃತಿಕಾರರ ಮತ. ಸೋತವನು ಸೋತ ಮೇಲೆ ಸಾಕ್ಷಿಯನ್ನು ಹಳಿಯುವುದು ಎಲ್ಲ ಕಾಲದಲ್ಲಿಯೂ ಉಂಟು. ಆದರೆ ಬಲಾತ್ಕಾರದಿಂದಲೋ ವಂಚನೆಯಿಂದಲೋ ನಡೆದ ವ್ಯವಹಾರವನ್ನು ರದ್ದುಪಡಿಸಬೇಕೆಂದೂ, ಅನ್ಯಾಯವಾಗಿ ತೀರ್ಮಾನಿಸಿದ ವ್ಯಾಜ್ಯವನ್ನು ಅರಸನು ಮತ್ತೆ ನೋಡಿ, ಗೆದ್ದವನಿಗೂ ಸಭ್ಯರಿಗೂ ದಂಡ ವಿಧಿಸಬೇಕೆಂದೂ ಯಾಜ್ಞವಲ್ಕ್ಯನ ವಿಧಿ. ನ್ಯಾಯವಾಗಿ ಸೋತು ಮತ್ತೆ ಬಂದವನಿಗಾದರೋ ಇಮ್ಮಡಿ ದಂಡ. 

ಪುನರ್ವಿಚಾರಕ್ಕೆ ಮೊದಲಿನ ವಿಚಾರಣೆಯ ಬರಹವು ಬೇಕು. ಮೈಸೂರು ಸೀಮೆಯು ಕಮಿಷನರರ ಆಡಳಿತದಲ್ಲಿದ್ದಾಗ ಈ ಕೊರತೆಯು ಸ್ಪಷ್ಟವಾಗಿ ಕಾಣುತ್ತಿತ್ತು. 1834ರಲ್ಲಿ ಸ್ಥಾಪಿತವಾಗಿ 1856ರವರೆಗೆ ನಡೆದ ಹುಜೂರ್ ಅದಾಲತ್ತಿನ ಕಾಲದಲ್ಲಿ ರೈತನ ವ್ಯಾಜ್ಯವು ಮಳವಳ್ಳಿಯ ಅಮಲ್ದಾರನ ಕಚೇರಿಯಲ್ಲಿ ಮೊದಲಾಗಿ ಅಷ್ಟಗ್ರಾಮ ವಿಭಾಗದ ಅಧಿಕಾರಿಗಳವರೆಗೂ, ಅದರಿಂದಾಚೆಗೂ ಏರಬಹುದಾಗಿತ್ತು. ಆದರೆ ಅಲ್ಪ ಮೊತ್ತದ ದಾವೆಗಳನ್ನು ಅಮಲ್ದಾರನು ದಾಖಲೆಯನ್ನು ಬರೆಯದೆಯೇ ತೀರಿಸಬಹುದಾಗಿತ್ತು. ಯಾರು ಏನು ನುಡಿದರೆಂಬುದೇ ಉಳಿಯದಿದ್ದಲ್ಲಿ, ಕಂಡ ಮಾತಾವುದು, ಕೇಳಿದ ಮಾತಾವುದು ಎಂದು ಮೇಲಿನವರು ಬೇರ್ಪಡಿಸುವುದೆಂತು?

1872ರ ಸಾಕ್ಷ್ಯಶಾಸನದ 167ನೆಯ ಪ್ರಕರಣವು ಅಪೀಲಿನ ಪ್ರಶ್ನೆಯನ್ನು ಒಂದು ಅಳತೆಗೆ ತಂದಿತು: ಅಗ್ರಾಹ್ಯವಾದುದನ್ನು ತೆಗೆದುಹಾಕಿದ ಮೇಲೆಯೂ ಉಳಿದ ಸಾಕ್ಷ್ಯವು ತೀರ್ಪನ್ನು ಸಮರ್ಥಿಸುವುದಾದರೆ, ಸೇರಿಸಿದ ತಪ್ಪೊಂದರಿಂದಲೇ ತೀರ್ಪು ಬೀಳದು. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಅಧಿನಿಯಮದ 169ನೆಯ ಪ್ರಕರಣದಲ್ಲಿಯೂ ಇದೇ ತತ್ತ್ವ. ಕೆಳಗಿನ ನ್ಯಾಯಾಲಯವು 2021ರವರೆಗೆ ಅನುಸರಿಸಬೇಕಾಗಿದ್ದ ಕ್ರಮವನ್ನು ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಬಿಪಿನ್ ಶಾಂತಿಲಾಲ್ ಪಂಚಾಲ್ ಮೊಕದ್ದಮೆಯಲ್ಲಿ ವಿವರಿಸಿತು: ಆಕ್ಷೇಪವನ್ನು ಬರೆದುಕೊಂಡು, ಸಾಕ್ಷ್ಯವನ್ನು ತಾತ್ಕಾಲಿಕವಾಗಿ ಗುರುತಿಸಿ, ಕಡೆಯ ತೀರ್ಪಿನಲ್ಲಿ ನಿರ್ಣಯಿಸತಕ್ಕದ್ದು, ಮುದ್ರಾಶುಲ್ಕದ ಕೊರತೆಯನ್ನಾದರೋ ಒಡನೆಯೇ ತೀರ್ಮಾನಿಸಬೇಕು. ಇದರಿಂದ ವಿಚಾರಣೆಯು ನಡುನಡುವೆ ನಿಲ್ಲುತ್ತಿರಲಿಲ್ಲ. ಅಪೀಲಿನವರು ಭಿನ್ನಾಭಿಪ್ರಾಯ ತಾಳಿದರೂ ಸಾಕ್ಷಿಯನ್ನು ಮತ್ತೆ ಕರೆಯಬೇಕಾಗುತ್ತಿರಲಿಲ್ಲ.

ಎಲ್ಲ ದೋಷವೂ ಹೀಗೆ ತೂಗಿ ನೋಡತಕ್ಕುದಲ್ಲ. 2010ರ ಮೇ 5ರಂದು ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಣ ಮೊಕದ್ದಮೆಯಲ್ಲಿ, ಮದ್ದು ಕೊಟ್ಟು ನುಡಿಸುವುದೇ ಮುಂತಾದ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ನಡೆಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ನಿರ್ಣಯಿಸಿತು. ಒಪ್ಪಿ ಒಳಗಾದವನ ನುಡಿಯೂ ಸ್ವತಃ ಸಾಕ್ಷ್ಯವಾಗದು. ಆದರೆ ಅದರ ನೆರವಿನಿಂದ ಆಮೇಲೆ ದೊರೆತ ವಸ್ತುವು ಸಾಕ್ಷ್ಯಶಾಸನದ 27ನೆಯ ಪ್ರಕರಣಾನುಸಾರ ಗ್ರಾಹ್ಯವಾಗಬಹುದೆಂದು ಅದೇ ತೀರ್ಪು ಹೇಳಿದೆ.